ಕೌದಿಯ ಹೊಟ್ಟೆ

ಪುಣೆಯ ಹಡಪಸರದ ಎರಡು ಕೋಣೆಯ ಮನೆಯಿಂದ ಹೊರಟು ಹೋಗಿದ್ದ ಕೌದಿಯು ಹನ್ನೊಂದು ದಿನಗಳ ಬಳಿಕ ಹಿಂತಿರುಗಿ ಬಂದಿತ್ತು. ಪೊಟ್ಟಣ ಅದೇ, ಅದರ ಮೇಲೆ ಸೊಸೆ ನೀತಾ ಅಂಟಿಸಿದ್ದ ವಿಳಾಸದ ಚೀಟಿ ಅದೇ. ಒಳಗಿನದು ಮಾತ್ರ ಬೇರೆ. ಅದನ್ನು ತಿಳಿಯಲು ಮಾನಮ್ಮನಿಗೆ ಕನ್ನಡಕವೂ ಬೇಕಾಗಲಿಲ್ಲ. ಆಕೆ ಅದನ್ನು ನೆಲದ ಮೇಲೆ ಹಾಸಿ, ನಟ್ಟನಡುವೆ ಅಂಗೈ ಊರಿ ಒತ್ತಿದಳು, ತಲೆ ವಾಲಿಸಿ ಆಲಿಸಿದಳು, ಮತ್ತೊಮ್ಮೆ ಒತ್ತಿದಳು.

“ಇದು ನಂದಲ್ಲ,” ಎಂದಳು.

“ಅದು ನನಗೂ ಕಾಣ್ತದ ಅತ್ತಿ,” ಎಂದಳು ನೀತಾ. “ಮಷಿನ್ ಹೊಲಿಗಿ. ಬಜಾರಿನ್ಯಾಗ ಆರನೂರಕ್ಕೊಂದು ಸಿಗ್ತಾವ ಇಂಥವು. ಆದ್ರ ಕಂಪನಿಯವರ ಮುಂದ ಹ್ಯಾಂಗ ಹೇಳೋದು?”

ಮಾನಮ್ಮ ಶಹಾಪುರದ ಕಡೆಯವಳು. ಮೂವತ್ತು ವರ್ಷಗಳ ಹಿಂದೆ ಗಂಡನೊಡನೆ ಪುಣೆಗೆ ಬಂದು, ಈ ನಗರದ ಎಷ್ಟೋ ಕಟ್ಟಡಗಳ ನೆತ್ತಿಯವರೆಗೆ ಸಿಮೆಂಟಿನ ಬುಟ್ಟಿ ಹೊತ್ತವಳು. ಮೊಣಕಾಲು ಕೈಕೊಟ್ಟ ಮೇಲೆ ಆಕೆ ಮರಳಿ ತನ್ನ ಕೈ ಬಲ್ಲ ವಿದ್ಯೆಗೆ ಬಂದಳು. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ನಾಲ್ಕು ಅಂಚಿನಿಂದಲೂ ಸೂಜಿಯನ್ನು ಸುತ್ತುಸುತ್ತಾಗಿ ನಡುವಿನತ್ತ ತರುವ ಕೆಲಸ ಅದು. ಒಂದು ಕೌದಿಗೆ ತಿಂಗಳು ಹಿಡಿಯುತ್ತದೆ. ಎರಡು ವರ್ಷಗಳಿಂದ ನೀತಾ ಅವನ್ನು ಫೋನಿನ ಮೂಲಕ, ಊರೂರಿನವರು ಕೊಳ್ಳುವ ಒಂದು ದೊಡ್ಡ ಕಂಪನಿಯ ಜಾಲತಾಣದಲ್ಲಿ ಅಂಗಡಿ ತೆರೆದು ಮಾರುತ್ತಿದ್ದಳು. ಓಣಿಯ ಇನ್ನೂ ನಾಲ್ವರು ಹೆಂಗಸರು ಈಗ ಬುಟ್ಟಿ ಹೊರುವುದನ್ನು ಬಿಟ್ಟು ಸೂಜಿ ಹಿಡಿದಿದ್ದರು.

ಕೊಳ್ಳುವವರ ಗುಣವನ್ನು ಈ ಎರಡು ವರ್ಷಗಳಲ್ಲಿ ಅತ್ತೆಸೊಸೆಯರಿಬ್ಬರೂ ಚೆನ್ನಾಗಿ ಅರಿತಿದ್ದರು. ಚಳಿಗಾಲವೆಲ್ಲ ಹೊದ್ದು, ತಲೆಯೆಣ್ಣೆಯ ಕಮಟು ಹತ್ತಿಸಿ, ‘ಬಣ್ಣ ಹಿಡಿಸಲಿಲ್ಲ’ ಎಂದು ಮರಳಿಸಿದವರಿದ್ದರು. ಕೈಗೆ ಮುಟ್ಟಿದ ಪೊಟ್ಟಣ ಮುಟ್ಟಲೇ ಇಲ್ಲವೆಂದು ವಾದಿಸಿದವರಿದ್ದರು. ಆದರೆ ಕೌದಿಯನ್ನೇ ಇಟ್ಟುಕೊಂಡು ಅದರ ಜಾಗದಲ್ಲಿ ಕಸವನ್ನು ಕಳಿಸಿ, ಮೇಲೆ ದೂರನ್ನೂ ಬರೆದವನು ಇವನೊಬ್ಬನೇ. ‘ಕೈಹೊಲಿಗೆಯೆಂದು ಹೇಳಿ ಯಂತ್ರದ ಹೊಲಿಗೆ ಕಳಿಸಿದ್ದಾರೆ, ಇದು ಮೋಸಗಾರರ ಅಂಗಡಿ’ ಎಂದು ಅವನು ಬರೆದಿದ್ದ. ಕಂಪನಿ ಅವನ ಆರು ಸಾವಿರದ ನಾಲ್ಕುನೂರು ರೂಪಾಯಿಯನ್ನು ಮರಳಿಸಿತ್ತು. ನೀತಾಳಿಗೆ ಬಂದ ನೋಟೀಸು ಚಿಕ್ಕದಾಗಿತ್ತು: ಐದು ದಿನಗಳೊಳಗೆ ದೂರು ಸುಳ್ಳೆಂದು ತೋರಿಸಬೇಕು, ಇಲ್ಲವಾದರೆ ಅಂಗಡಿ ಶಾಶ್ವತವಾಗಿ ಮುಚ್ಚುವುದು.

ಅವಳು ಕಂಪನಿಗೆ ಫೋನ್ ಮಾಡಿದಳು. ಅತ್ತಲಿನ ತರುಣ ಕಳಿಸಿದ ಕೌದಿಯ ಚಿತ್ರ ಕೇಳಿದ. ಚಿತ್ರವಿರಲಿಲ್ಲ. ಎರಡು ವರ್ಷದ ಹಿಂದೆ ತೆಗೆದ ಒಂದೇ ಒಂದು ಚಿತ್ರವನ್ನು ಹಾಕಿ, ಅದರ ಕೆಳಗೆ ‘ಬಣ್ಣಗಳು ಬೇರೆಯಾಗಬಹುದು’ ಎಂದು ಬರೆದು, ಅವರು ಎಲ್ಲ ಕೌದಿಗಳನ್ನೂ ಮಾರುತ್ತ ಬಂದಿದ್ದರು.

“ಹಂಗಾದ್ರ ನಮ್ಮ ಕಡಿಂದ ಏನೂ ಆಗಲ್ಲ ಅಂದ,” ಎಂದು ನೀತಾ ಫೋನನ್ನು ಕೆಳಗಿಟ್ಟಳು. “ನೀವು ಆಗಳೇ ಒತ್ತಿ ಒತ್ತಿ ಏನ್ ಕೇಳ್ತಿದ್ರಿ ಅತ್ತಿ?”

“ಸಪ್ಪಳ.”

“ಏನ್ ಸಪ್ಪಳ?”

ಮಾನಮ್ಮ ನೆಲದ ಮೇಲಿನದನ್ನು ಮಡಚತೊಡಗಿದಳು. ನೀತಾಳ ಮುಖ ನಿಧಾನವಾಗಿ ಬಿಗಿಯಿತು.

“ಅತ್ತಿ, ಇನ್ನೂ ರೊಟ್ಟಿ ಹಾಕ್ತೀರೇನ್ರಿ?”

ಕೌದಿಯ ಹೊಲಿಗೆ ನಡುವಿಗೆ ಬಂದು, ಅಂಗೈಯಗಲದ ಒಂದು ಕಿಂಡಿ ಉಳಿದಾಗ, ಅದರೊಳಗೆ ರೊಟ್ಟಿಯ ತುಣುಕನ್ನೂ ಚಿಟಿಕೆ ಸಕ್ಕರೆಯನ್ನೂ ಇಟ್ಟು, ಚೌಕದ ತುಂಡೊಂದನ್ನು ಮುಚ್ಚಿ ಹೊಲಿಯುವುದು ಮಾನಮ್ಮನ ತಾಯಿ, ಅಜ್ಜಿ ನಡೆಸಿಕೊಂಡು ಬಂದ ಪದ್ಧತಿ. ಅದಕ್ಕೆ ಅವರು ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಬರಿಹೊಟ್ಟೆಯ ಕೌದಿಯನ್ನು ಯಾರಿಗೂ ಹೊದಿಸಬಾರದು. ಒಮ್ಮೆ ತುಂಬಿದ ಹೊಟ್ಟೆಯನ್ನು ಹೊಲಿದ ಕೈ ಎಂದೂ ಕೊಯ್ಯಬಾರದು. ಆದರೆ ಹಿಂದಿನ ವರ್ಷ ಯಾವುದೋ ಊರಿನ ಕೊಳ್ಳುವವರ ಹಾಸಿಗೆಗೆ ಇರುವೆ ಹತ್ತಿ ದೊಡ್ಡ ರಂಪವಾಗಿತ್ತು. ಕಂಪನಿ ನೀತಾಳಿಂದ ‘ನಮ್ಮ ವಸ್ತುವಿನಲ್ಲಿ ಯಾವ ಆಹಾರ ಪದಾರ್ಥವೂ ಇರುವುದಿಲ್ಲ’ ಎಂಬ ಒಪ್ಪಿಗೆಗೆ ಸಹಿ ಹಾಕಿಸಿಕೊಂಡು, ಆ ಮಾತನ್ನು ಅವರ ಅಂಗಡಿಯ ಪುಟದ ಮೇಲೆಯೇ ಅಚ್ಚು ಹಾಕಿತ್ತು. ಅಂದಿನಿಂದ ರೊಟ್ಟಿ ನಿಲ್ಲಬೇಕೆಂದು ನೀತಾ ಹೇಳಿದ್ದಳು. ಮಾನಮ್ಮ ‘ಆಯ್ತು’ ಎಂದಿದ್ದಳು.

“ಸಕ್ಕರಿ ಬಿಟ್ಟೀನಲ್ಲ,” ಎಂದಳು ಈಗ ಮಾನಮ್ಮ. “ಒಣಗಿದ ಕಟಕ ರೊಟ್ಟಿ ಅದು, ವರ್ಷ ಇಟ್ಟರೂ ಕೆಡಲ್ಲ. ಹಾಲಿನ ಪಾಕೀಟು ಕತ್ತರಿಸಿ ಅದರಾಗಿಟ್ಟು, ದೀಪಕ್ಕ ಹಿಡದು ಬಾಯಿ ಅಂಟಸ್ತೀನಿ. ಇರಬಿ ಹ್ಯಾಂಗ ಹೋಗ್ತದ? ಒತ್ತಿದ್ರ ಪಾಕೀಟು ಚರಚರ ಅಂತದ. ಇದು ಅನ್ನಲಿಲ್ಲ. ಅದಕ್ಕ ನಂದಲ್ಲ ಅಂದೆ.”

“ಸಹಿ ಮಾಡಿದಾಕಿ ನಾನ್ರಿ! ನಿಮ್ಮ ಪಾಕೀಟು ಯಾರ ಕೈಗರೆ ಸಿಕ್ಕಿದ್ರ ಕಂಪನಿ ಐದು ದಿನನೂ ಕೊಡಂಗಿಲ್ಲ. ಓಣ್ಯಾಗಿನ ಆ ನಾಕು ಮಂದಿಗೆ ನೀವೇ ಹೇಳ್ತೀರೇನು, ನಾಳಿಂದ ಮತ್ತ ಬುಟ್ಟಿ ಹೊರ್ರಿ ಅಂತ?”

“ಹೊಟ್ಟಿಗಿಲ್ಲದ ಕೌದಿ ನಾ ಮಾರಂಗಿಲ್ಲ.”

“ಹೇಳಿ ಮಾರಬೇಕಿತ್ತು. ಸುಳ್ಳ ಹೇಳಿ ನನ್ನ ಕೈಲೆ ಮಾರಸೀರಿ.”

ಅಂದು ಅವರಿಬ್ಬರೂ ಬೇರೆಬೇರೆಯಾಗಿ ಉಂಡರು. ಮಲಗುವ ಮುನ್ನ ನೀತಾ ವಿಳಾಸದ ಚೀಟಿಯನ್ನು ಓದಿ ಹೇಳಿದಳು: ಕೊಂಡವನ ಹೆಸರು ಸುಖೇಶ್, ಇರುವುದು ಪುಣೆ ಕ್ಯಾಂಪಿನಲ್ಲಿ, ಮನೆಯಲ್ಲ, ಅಂಗಡಿ. ಮರುದಿನ ಹೋಗಿ ಅವನ ಮುಖದ ಮೇಲೆಯೇ ಕೇಳುವುದೆಂದು ನಿಶ್ಚಯವಾಯಿತು. “ಹೊಟ್ಟಿ ಮಾತ ಮಾತ್ರ ಅಲ್ಲಿ ತಗೀಬ್ಯಾಡ್ರಿ,” ಎಂದು ನೀತಾ ಎರಡು ಸಲ ಎಚ್ಚರಿಸಿದಳು.

ಬೆಳಗ್ಗೆ ಹನ್ನೊಂದರ ಹೊತ್ತಿಗೆ ಅವರು ಪೂಲ್‌ಗೇಟಿನಲ್ಲಿ ಬಸ್ಸಿಳಿದು, ಮರಳಿ ಬಂದಿದ್ದ ಆ ಪೊಟ್ಟಣವನ್ನು ಹೊತ್ತು, ಕೇಳುತ್ತ ಕೇಳುತ್ತ ಅಂಗಡಿಯನ್ನು ಮುಟ್ಟಿದರು. ಹಳೆಯ ಮನೆಗಳ ಬಾಗಿಲು, ಹಿತ್ತಾಳೆಯ ಹಂಡೆ, ಕಾಲುಮುರಿದ ತೊಟ್ಟಿಲುಗಳನ್ನು ಒರೆಸಿ ಹೊಳಪಿಸಿ ಹತ್ತರಷ್ಟು ಬೆಲೆಗೆ ಮಾರುವ ಅಂಗಡಿ ಅದು. ಒಳಗೆ ತಂಪು ಗಾಳಿಯಿತ್ತು, ಗಂಧದ ವಾಸನೆಯಿತ್ತು. ಎದುರಿನ ಗೋಡೆಯಲ್ಲಿ, ಮರದ ಕೋಲಿನ ಮೇಲೆ ಇಳಿಬಿಟ್ಟಂತೆ, ಮಾನಮ್ಮನ ಕೌದಿಯಿತ್ತು. ಅದರ ಅಂಚಿಗೆ ತೂಗಿದ ಚೀಟಿಯನ್ನು ನೀತಾ ಓದಿದಳು: ಇಪ್ಪತ್ತೆರಡು ಸಾವಿರ.

ನಲವತ್ತರ ಆಸುಪಾಸಿನ ಸುಖೇಶ್ ಆಗ ಗಿರಾಕಿಯೊಬ್ಬಳಿಗೆ ಅದೇ ಕೌದಿಯ ಚರಿತ್ರೆಯನ್ನು ಮರಾಠಿಯಲ್ಲಿ ವರ್ಣಿಸುತ್ತಿದ್ದ. ವಿಜಯಪುರದ ಕಡೆಯ ದೊಡ್ಡ ವಾಡೆಯೊಂದರ ಪೆಟ್ಟಿಗೆಯಲ್ಲಿ ನೂರು ವರ್ಷ ಇದ್ದದ್ದಂತೆ. ಹೊಲಿದವರು ಆ ಮನೆಯ ಹಿರಿಯ ಸೊಸೆಯಂತೆ. ಬೆಳ್ಳಿಗೂದಲಿನ ಆ ಗಿರಾಕಿ ಕೈಚೀಲದಿಂದ ಆಗಲೇ ಕಾರ್ಡು ತೆಗೆದಿದ್ದಳು. ಬಾಗಿಲಲ್ಲಿ ನಿಂತ ಇಬ್ಬರನ್ನು ಅವನು ಕಂಡು, ತಿರುಗದೆಯೇ ಕೈಬೀಸಿದ.

“ಸಾಮಾನು ಹಿಂದಿನ ಬಾಗಲಕ್ಕ ತಗೊಂಡ ಹೋಗ್ರಿ.”

“ಸಾಮಾನು ತರಲಾಕ ಬಂದಿಲ್ರಿ, ಒಯ್ಯಲಾಕ ಬಂದೀವಿ,” ಎಂದಳು ಮಾನಮ್ಮ.

ಆ ಮಾತಿನ ಕನ್ನಡ ಕೇಳಿ ಅವನು ತಿರುಗಿದ. ಅವನ ಅಜ್ಜನೂ ಕಲಬುರಗಿಯ ಕಡೆಯಿಂದ ಬಂದು ಇಲ್ಲಿ ಬಟ್ಟೆಯ ವ್ಯಾಪಾರ ಮಾಡಿದವನು. ಮನೆಯಲ್ಲಿ ಅವನಾಡುತ್ತಿದ್ದುದೂ ಇದೇ ಮಾತು. ಮುಖದಲ್ಲಿ ನಗೆ ತಂದುಕೊಂಡ.

“ಬರ್ರಿ ಅವ್ವಾರ. ನಮ್ಮ ಕಡಿಯವರೇ ಅದೀರಿ. ಏನ್ ಬೇಕಾಗಿತ್ತು?”

“ನನ್ನ ಕೌದಿ ಬೇಕಾಗೇದ. ಇದರ ಬದಲಿ ನೀ ಕಳಿಸಿದ ಚಿಂದಿ ನಿನಗ ಮುಟ್ಟಸಲಾಕ ಬಂದೀನಿ.” ಆಕೆ ಪೊಟ್ಟಣವನ್ನು ಅವನ ಮೇಜಿನ ಮೇಲೆ ಬಿಸಾಡಿದಳು.

ಸುಖೇಶನ ನಗೆ ಅಳಿಯಲಿಲ್ಲ, ಕಣ್ಣಿನಿಂದ ಮಾತ್ರ ಇಳಿಯಿತು. “ಹಾಂ, ಆ ಆನ್‌ಲೈನ್‌ನವರೇನ್ರಿ ನೀವು? ನೀವು ಕಳಿಸಿದ್ದೇ ನಾನು ಹೊಳ್ಳಿ ಕಳಿಸೀನಿ. ಕಂಪನಿ ಪರೀಕ್ಷಾ ಮಾಡಿ ರೊಕ್ಕ ಕೊಟ್ಟದ. ಮುಗೀತು. ಗಿರಾಕಿ ಅದಾರ, ಜರಾ ಹೊರಗ ನಿಂದರ್ರಿ.”

“ಗೋಡಿ ಮ್ಯಾಲಿಂದು ಯಾರದು?”

“ಅದು ವಾಡೇದ್ದು. ನೂರು ವರ್ಷದ್ದು.”

“ನೂರು ವರ್ಷದ ಹಿಂದ ನಮ್ಮವ್ವನೇ ಹುಟ್ಟಿದ್ದಿಲ್ಲ, ನಾ ಯಾವಾಗ ಹೊಲದ್ನೋ ಯಪ್ಪಾ?”

ಗಿರಾಕಿ ಹೆಂಗಸಿಗೆ ಭಾಷೆ ತಿಳಿಯಲಿಲ್ಲ, ಜಗಳ ತಿಳಿಯಿತು. “ಹೀ ಕಾಯ್ ಭಾನಗಡ್?”, ಏನಿದು ರಗಳೆ, ಎಂದು ಕಾರ್ಡನ್ನು ಹಿಡಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಪುಣೆಯಲ್ಲೇ ಹುಟ್ಟಿ ಬೆಳೆದ ನೀತಾ ಚೊಕ್ಕ ಮರಾಠಿಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು: ಹನ್ನೊಂದು ದಿನ, ಬದಲಿ ಪೊಟ್ಟಣ, ದೂರು, ಐದು ದಿನದ ಗಡುವು. ಗಿರಾಕಿ ಸುಖೇಶನ ಮುಖ ನೋಡಿದಳು. ಅವನು ಹೆಗಲು ಕುಣಿಸಿ, ಇಂಥವರು ವಾರಕ್ಕೊಬ್ಬರು ಬರುತ್ತಾರೆ, ಕೂಲಿಯವರು, ಒಂದಿಷ್ಟು ಹಣ ಸಿಕ್ಕರೆ ಹೋಗುತ್ತಾರೆ ಎಂದು ಮರಾಠಿಯಲ್ಲಿಯೇ ಉತ್ತರಿಸಿದ. ಮತ್ತೆ ಕನ್ನಡಕ್ಕೆ ಬಂದು, ‘ರೀ’ ಎಂಬುದನ್ನು ಅಲ್ಲಿಯೇ ಬಿಟ್ಟ.

“ನಿಂದೇ ಅನ್ನಾಕ ಸಾಕ್ಷಿ ಏನದ? ಇದರ ಮ್ಯಾಲ ನಿನ್ನ ಹೆಸರು ಬರದದೇನು? ಹಳೀ ಸೀರಿ ತುಂಡು ಎಲ್ಲಾರ ಮನ್ಯಾಗೂ ಒಂದೇ ಥರ.”

ಮಾನಮ್ಮ ಸೊಸೆಯತ್ತ ನೋಡಲಿಲ್ಲ. ನೇರವಾಗಿ ಗೋಡೆಯ ಬಳಿಗೆ ನಡೆದು, ಕೌದಿಯ ನಡುವಿನ ಚೌಕದ ಮೇಲೆ ಅಂಗೈಯಿಟ್ಟು ಒತ್ತಿದಳು. ತಂಪಾದ ಆ ಮೌನದಲ್ಲಿ ಸಪ್ಪಳ ಸ್ಪಷ್ಟವಾಗಿ ಕೇಳಿಸಿತು. ಆಕೆ ಗಿರಾಕಿಯ ಕೈಯನ್ನು ಹಿಡಿದು ತಂದು ಅಲ್ಲಿಯೇ ಇರಿಸಿದಳು. ಆ ಹೆಂಗಸು ಒತ್ತಿದಳು, ಹುಬ್ಬು ಏರಿಸಿದಳು.

ನೀತಾ ಓಡಿ ಬಂದು ಅತ್ತೆಯ ಮುಂಗೈ ಹಿಡಿದಳು. “ಬ್ಯಾಡ್ರಿ ಅತ್ತಿ. ಕಾಲಿಗಿ ಬೀಳ್ತೀನಿ. ಅಂಗಡಿ ಹೋಗ್ತದ.”

ಈ ಪಿಸುಮಾತು ಸುಖೇಶನ ಕಿವಿಗೂ ಬಿತ್ತು. ಅವನು ಫೋನಿನಲ್ಲಿ ಅವರ ಅಂಗಡಿಯ ಪುಟವನ್ನು ತೆರೆದು, ಬೆರಳಿಟ್ಟು ಓದಿದ. ಈಗ ಅವನ ನಗೆ ಕಣ್ಣಿಗೂ ಬಂತು.

“ಓಹೋ! ಹೊಟ್ಟ್ಯಾಗ ರೊಟ್ಟಿ ಇಟ್ಟೀಯೇನ್ ಮುದುಕಿ? ನಮ್ಮಜ್ಜಿನೂ ಇಡ್ತಿದ್ದಳು. ಆದ್ರ ಇಲ್ಲಿ ನೋಡು, ‘ಆಹಾರ ಪದಾರ್ಥ ಇರುವುದಿಲ್ಲ’ ಅಂತ ನೀವೇ ಬರದೀರಿ. ರೊಟ್ಟಿ ಇಲ್ಲಂದ್ರ ಕೌದಿ ನಿಂದಲ್ಲ. ಇತ್ತಂದ್ರ ನೀ ಸುಳ್ಳಬುರುಕಿ, ನಿನ್ನ ಅಂಗಡಿ ನಾಳೆ ಅಲ್ಲ, ಇವತ್ತೇ ಬಂದ್. ಯಾವುದು ಬೇಕು, ಹೇಳು.”

“ನೀನೇ ಕೊಯ್ದು ನೋಡು.” ಮಾನಮ್ಮ ಮೇಜಿನ ಮೇಲಿದ್ದ ಕತ್ತರಿಯನ್ನು ಅವನತ್ತ ಚಾಚಿದಳು.

“ನಾನ್ಯಾಕ ಕೊಯ್ಯಲಿ? ಇಪ್ಪತ್ತೆರಡು ಸಾವಿರದ ಮಾಲು. ನೀ ಕೊಯ್ಯಿ. ಒಳಗ ಏನೂ ಇಲ್ಲಂದ್ರ ಅಷ್ಟೂ ರೊಕ್ಕ ಎಣಿಸಿ ಹೋಗು.”

ಅವನು ಹಾಗೆನ್ನುವಾಗ ಆಕೆ ಕೊಯ್ಯಲಾರಳೆಂದೇ ಬಗೆದಿದ್ದ. ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ಎಷ್ಟೋ ಕೌದಿಗಳನ್ನು ಹೊಲಿದ ಆ ಕೈ ಒಂದು ಹೊಟ್ಟೆಯನ್ನೂ ಬಿಚ್ಚಿರಲಿಲ್ಲ. ಕತ್ತರಿಯ ಬಾಯಿ ತೆರೆದು ಹಾಗೆಯೇ ನಿಂತಿತು. ಬಿಚ್ಚಿದರೆ ಓಣಿಯ ನಾಲ್ಕು ಒಲೆಗಳು ಆರುವವು. ಬಿಚ್ಚದಿದ್ದರೆ ಈ ಮನುಷ್ಯ ತನ್ನ ಕೈಹೊಲಿಗೆಯನ್ನು ಯಂತ್ರದ್ದೆಂದು ಜಗತ್ತಿಗೆಲ್ಲ ಸಾರಿ, ಅದನ್ನೇ ವಾಡೆಯ ಸೊಸೆಯದೆಂದು ಮಾರುವನು, ಮತ್ತು ಅಂಗಡಿ ಐದನೆಯ ದಿನ ಹೇಗೂ ಮುಚ್ಚುವುದು.

ಮಾನಮ್ಮ ಚೌಕದ ಒಂದು ಮಗ್ಗುಲನ್ನು ಕೊಯ್ದಳು. ಎರಡು ಬೆರಳು ತೂರಿಸಿ, ಬೀಡಿಯ ಕಟ್ಟಿನಷ್ಟು ದೊಡ್ಡ ಪೊಟ್ಟಣವನ್ನು ಹೊರಗೆಳೆದು, ಗಿರಾಕಿಯ ಅಂಗೈ ಮೇಲಿಟ್ಟಳು. ಹಾಲಿನ ಪಾಕೀಟಿನ ಪ್ಲಾಸ್ಟಿಕ್ಕು. ಒಳಗೆ ಜೋಳದ ರೊಟ್ಟಿಯ ಚೂರು, ಇನ್ನೂ ಗರಿಗರಿಯಾಗಿಯೇ ಇತ್ತು. ಆ ಹೆಂಗಸು ಅದನ್ನು ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ, ಪ್ಲಾಸ್ಟಿಕ್ಕಿನ ಅಂಚಿನಲ್ಲಿದ್ದ ಸಣ್ಣ ಅಕ್ಷರಗಳನ್ನು ಓದತೊಡಗಿದಳು. ಓದುಬಾರದ ಮಾನಮ್ಮ ಅದರಲ್ಲಿ ಏನಿದೆಯೆಂದು ಎಂದೂ ಯೋಚಿಸಿದವಳಲ್ಲ. ಅದು ಹಾಲು ಕೆಡುವ ತಾರೀಕು: ಇದೇ ವರ್ಷದ ಅಕ್ಟೋಬರ್ ಹತ್ತೊಂಬತ್ತು.

“ನಿಮ್ಮ ವಾಡೆಯಲ್ಲಿ ನೂರು ವರ್ಷದ ಹಿಂದೆ ಪಾಕೀಟಿನ ಹಾಲು ಬರುತ್ತಿತ್ತೇನು?” ಎಂದು ಗಿರಾಕಿ ಮರಾಠಿಯಲ್ಲಿ ಕೇಳಿದಳು. ಉತ್ತರಕ್ಕೆ ಕಾಯದೆ ರೊಟ್ಟಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ತಾನು ಹೋದ ತಿಂಗಳು ಕೊಂಡ ತೊಟ್ಟಿಲಿನ ರಸೀತಿಯನ್ನು ಹಿಡಿದು ಮತ್ತೆ ಬರುವೆನೆಂದು ಹೇಳಿ, ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

ಬಾಗಿಲು ಮುಚ್ಚಿದೊಡನೆ ಸುಖೇಶನ ಬಾಯಿ ತೆರೆಯಿತು. “ಹಾಳಾಗಿ ಹೋಗ್ರಿ! ಕಟ್ಟಿದ ಗಿರಾಕಿ ಹೊಂಟು ಹೋತು. ಈಗ ನೋಡ್ರಿ ನನ್ನ ಆಟ.” ಅವನು ಫೋನ್ ಎತ್ತಿ ಮೇಜಿನ ಮೇಲಿನ ರೊಟ್ಟಿಯ ಚೂರನ್ನು, ಕೊಯ್ದ ಕೌದಿಯನ್ನು ಚಿತ್ರ ತೆಗೆದ. “ಇದು ಕಂಪನಿಗೆ ಹೋಗ್ತದ. ಸಂಜೀಕ ನಿಮ್ಮ ಅಂಗಡಿ ಬಾಗಲಾ ಹಾಕ್ತಾರ.”

ಮಾನಮ್ಮ ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಅಷ್ಟು ಹೊತ್ತೂ ನೆಲ ನೋಡುತ್ತ ನಿಂತಿದ್ದ ನೀತಾ ಆಗ ತಲೆಯೆತ್ತಿದಳು.

“ಕಳಸ್ರಿ,” ಎಂದಳು.

“ಕಳಸ್ದೆ ಬಿಡ್ತೀನೇನು?”

“ಕಳಸ್ರಲ್ಲ. ಇನ್ನೊಂದು ಚಿತ್ರ ತಗೀರಿ, ನಿಮ್ಮ ಇಪ್ಪತ್ತೆರಡು ಸಾವಿರದ ಚೀಟಿನೂ ಅದರಾಗ ಬರಲಿ. ಮ್ಯಾಲ ಬರೀರಿ, ‘ಹಡಪಸರದವರು ಕಳಿಸಿದ ಕೌದ್ಯಾಗ ರೊಟ್ಟಿ ಸಿಕ್ಕದ’ ಅಂತ. ಕಂಪನಿಯವರು ಕೇಳ್ತಾರ, ಆ ಕೌದಿ ನೀವು ಹೊಳ್ಳಿ ಕಳಿಸಿ ರೊಕ್ಕ ತಗೊಂಡೀರಲ್ಲ, ನಿಮ್ಮ ಗೋಡಿ ಮ್ಯಾಲ ಹ್ಯಾಂಗ ಬಂತು ಅಂತ. ಅದಕ್ಕೇನ್ ಬರೀತೀರಿ, ಅದನ್ನೂ ಯೋಚನಿ ಮಾಡ್ರಿ.”

ಸುಖೇಶ್ ಫೋನನ್ನು ನೋಡಿದ. ಅವನ ಹೆಬ್ಬೆರಳು ಗಾಜಿನ ಮೇಲೆ ಅರ್ಧ ಅಂಗುಲ ಎತ್ತರದಲ್ಲಿ ನಿಂತಿತ್ತು. ಬಳಿಕ ಅದನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟ.

“ಏನ್ ಬೇಕು ನಿಮಗ?”

“ದೂರು ತಗೀರಿ. ‘ನಾನು ತಪ್ಪು ವಸ್ತು ಹೊಳ್ಳಿ ಕಳಿಸೀನಿ, ಅವರ ಕೌದಿ ಕೈಹೊಲಿಗೀದೇ’ ಅಂತ ಬರೀರಿ. ನನ್ನ ಕಣ್ಣ ಮುಂದ ಬರೀರಿ.”

“ನನ್ನ ಖಾತೆಗೆ ಕರೇ ಚುಕ್ಕಿ ಬೀಳ್ತದ.”

“ಬೀಳಲಿ. ಬರೆಯಂಗಿಲ್ಲಂದ್ರ ನಾನೇ ಬರೀತೀನಿ, ರೊಟ್ಟಿ ಸಮೇತ. ನಂದೂ ಬಂದ್, ನಿಮ್ಮದೂ ಬಂದ್. ನಮಗ ಬುಟ್ಟಿ ಹೊರೋದು ಗೊತ್ತದ. ನಿನಗ?” ಕೊನೆಯ ಪ್ರಶ್ನೆಯಲ್ಲಿ ಅವಳೂ ‘ರೀ’ಯನ್ನು ಬಿಟ್ಟಿದ್ದಳು.

ಅವನು ಬರೆದ. ಹಲ್ಲು ಕಚ್ಚಿ, ಎರಡು ಬಾರಿ ಅಳಿಸಿ, ಬರೆದ. ನೀತಾ ಅವನ ಹೆಗಲ ಬಳಿ ನಿಂತು ಪದಪದ ಓದಿ, ‘ಬಹುಶಃ’ ಎಂದು ಅವನು ನುಸುಳಿಸಿದ್ದ ಒಂದು ಮಾತನ್ನು ತೆಗೆಸಿದಳು. ದೂರು ಹಿಂದಕ್ಕೆ ಹೋಯಿತು. ಕಂಪನಿಯ ಉತ್ತರಕ್ಕೆ ಕಾಯಬೇಕಿತ್ತು.

“ಆಯ್ತಲ್ಲ? ಕೌದಿ ತಗೊಂಡು ಹೊರಬೀಳ್ರಿ.”

ಮಾನಮ್ಮ ಹೊರಬೀಳಲಿಲ್ಲ. ಕೋಲಿನಿಂದ ಕೌದಿಯನ್ನಿಳಿಸಿ, ಅಂಗಡಿಯ ನಟ್ಟನಡುವಿನ ನೆಲದ ಮೇಲೆ ಹಾಸಿ, ಅದರ ಪಕ್ಕದಲ್ಲಿ ಮೊಣಕಾಲು ಮಡಚಲಾರದೆ ಮಡಚಿ ಕುಳಿತಳು. ಕುಪ್ಪಸದ ಅಂಚಿಗೆ ಸಿಕ್ಕಿಸಿದ್ದ ಸೂಜಿಯನ್ನು ತೆಗೆದು ದಾರ ಪೋಣಿಸಿದಳು.

“ಇಲ್ಲೇನ್ ಮಾಡ್ಲಾಕತ್ತಿ? ಮನಿಗೆ ಹೋಗಿ ಹೊಲಕೊ!”

“ಬಿಚ್ಚಿದ ಹೊಟ್ಟಿ ಹೊತಗೊಂಡು ನಾ ರಸ್ತೇಕ ಇಳಿಯಂಗಿಲ್ಲ. ಬರಿಹೊಟ್ಟೀನೂ ಹೊಲ್ಯಂಗಿಲ್ಲ. ನನ್ನ ರೊಟ್ಟಿ ಎಲ್ಲರ ಕೈಯಾಗಾಡಿ ಮೈಲಿಗಿ ಆಗ್ಯಾದ. ಕೊಯ್ಯಿ ಅಂದಾಂವ ನೀನು. ನಿನ್ನ ಡಬ್ಬಿ ತಗಿ.”

“ಏನಂದಿ?”

“ಮಧ್ಯಾಹ್ನದ ಡಬ್ಬಿ. ಮನ್ಯಾಗ ಕಟ್ಟಿ ಕೊಟ್ಟಿರ್ತಾರಲ್ಲ, ತಗಿ. ತುತ್ತು ನಿನ್ನ ಕೈಲೇ ಇಡಬೇಕು.”

ಅವನು ಬೈದ, ಪೊಲೀಸರನ್ನು ಕರೆಯುವೆನೆಂದ. ಕರೆಯಿರಿ, ಅವರಿಗೂ ತಾರೀಕು ಓದಿಸೋಣ ಎಂದಳು ನೀತಾ. ಆಗಲೇ ಗಾಜಿನ ಬಾಗಿಲಾಚೆ ಇಬ್ಬರು ಗಿರಾಕಿಗಳು ನಿಂತು, ನೆಲದ ಮೇಲೆ ಕೌದಿ ಹಾಸಿ ಕುಳಿತ ಮುದುಕಿಯನ್ನು ಕುತೂಹಲದಿಂದ ನೋಡತೊಡಗಿದ್ದರು. ಸುಖೇಶ್ ಮೇಜಿನ ಕೆಳಗಿನಿಂದ ಡಬ್ಬಿಯನ್ನು ಎಳೆದು ತೆರೆದ. ಅದರಲ್ಲಿ ಚಪಾತಿಯಿತ್ತು. ಒಂದು ಚೂರು ಹರಿದು ಆಕೆಯತ್ತ ಎಸೆದ.

“ಎಸೀಬ್ಯಾಡ. ನಾಯಿಗೆ ಹಾಕ್ಲಾಕತ್ತೀಯೇನು? ಕುಂತು ಇಡು.”

ಅವನು ಬಾಗಿಲಿನಾಚೆಯವರನ್ನೊಮ್ಮೆ ನೋಡಿ, ಇಸ್ತ್ರಿ ಮಾಡಿದ ಪ್ಯಾಂಟಿನ ಮೊಣಕಾಲೂರಿ ಕುಳಿತು, ಕೊಯ್ದ ಕಿಂಡಿಯೊಳಗೆ ಚಪಾತಿಯ ಚೂರನ್ನು ತುರುಕಿದ. ಎದ್ದವನು ಮತ್ತೆ ಅವರತ್ತ ತಿರುಗಲಿಲ್ಲ. ಮಾನಮ್ಮ ಅವಸರ ಮಾಡಲಿಲ್ಲ. ಒಂದೊಂದು ಹೊಲಿಗೆಯನ್ನೂ ಎಳೆದು, ಉಗುರಿನಿಂದ ತಿಕ್ಕಿ, ಮುಂದಿನದಕ್ಕೆ ಹೋದಳು. ಚೌಕದ ಮಗ್ಗುಲು ಮುಚ್ಚುವಷ್ಟರಲ್ಲಿ ನೀತಾಳ ಫೋನು ಸದ್ದು ಮಾಡಿತು. ದೂರು ರದ್ದಾಗಿದೆ, ಅಂಗಡಿ ಮುಂದುವರಿಯಬಹುದು ಎಂದು ಅವಳು ಓದಿ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಸಂತೋಷವಿರಲಿಲ್ಲ.

“ಅಂವಂದು ಮುಗೀತು ಅತ್ತಿ,” ಎಂದು ಅವಳು ಕೌದಿಯನ್ನು ಮಡಚಿ ಹೆಗಲಿಗೇರಿಸಿಕೊಂಡಳು. “ನಿಮ್ಮದಿನ್ನೂ ಮುಗಿದಿಲ್ಲ. ಇವತ್ತೇ ಪುಟದ ಮ್ಯಾಲ ‘ಹೊಟ್ಟ್ಯಾಗ ರೊಟ್ಟಿ ಅದ’ ಅಂತ ಬರೀತೀನಿ. ಕಂಪನಿ ಇಟ್ಟರ ಇಡಲಿ, ಹೊರಗ ಹಾಕಿದ್ರ ಹಾಕಲಿ. ಇನ್ನೊಂದು ಸುಳ್ಳಿಗೆ ನನ್ನ ಸಹಿ ಸಿಗಂಗಿಲ್ಲ.”

“ಬರಿ. ನಾ ಯಾವಾಗ ಬ್ಯಾಡ ಅಂದೆ?”

“ಹೋದ ವರ್ಷ ರೊಟ್ಟಿ ಬಿಡಂಗಿಲ್ಲ ಅನ್ನಬೇಕಿತ್ತು! ಬಾಯಿ ಮುಚಗೊಂಡು ‘ಆಯ್ತು’ ಅಂದಿದ್ರಿ!”

“ಬಸ್ಸಿನ್ಯಾಗ ಸುರು ಮಾಡಬ್ಯಾಡ,” ಎಂದಳು ಮಾನಮ್ಮ, ಮೇಜಿನ ಕಾಲು ಹಿಡಿದು ಏಳುತ್ತ. “ಮಂದಿ ಕೇಳ್ತಾರ.”